ಹಳ್ಳಕ್ಕೆ ಬಂದು ನಿಂತ ಗೆರೆ

ನಾನು ಆ ಊರಿಗೆ ಹೋದದ್ದು ಹೆಂಗಸು ಎಂಬ ಒಂದೇ ಅರ್ಹತೆಯ ಮೇಲೆ. ನೀರಾವರಿಯ ಒಂದು ಉಪವಿಭಾಗದಲ್ಲಿ ನಾನು ಟ್ರೇಸರ್. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಲ್ಲಿ ಗೆರೆ ಎಳೆಯುವುದು, ಅಮೋನಿಯಾ ನಾತದ ಕೋಣೆಯಲ್ಲಿ ಅದರ ಪ್ರತಿ ತೆಗೆಸುವುದು, ನಂಬರು ಹಾಕಿ ಕಪಾಟಿನಲ್ಲಿ ಇಡುವುದು ನನ್ನ ಕೆಲಸ. ರಂಗಂಪೇಟೆಯ ಮನೆಯಿಂದ ಬಸ್ಸಿನಲ್ಲಿ ಶಹಾಪುರಕ್ಕೆ ಬರುತ್ತಿದ್ದೆ, ಸಂಜೆ ಬಸ್ಸಿನಲ್ಲೇ ಮರಳುತ್ತಿದ್ದೆ. ನಾನು ಎಳೆದ ಕಾಲುವೆಗಳಿಗೆ ಲೆಕ್ಕವಿಲ್ಲ, ಆದರೆ ಒಂದರ ದಂಡೆಯ ಮೇಲೂ ನಿಂತವಳಲ್ಲ.

ಕೃಷ್ಣೆಯ ನೀರು ನಮ್ಮ ಸೀಮೆಗೆ ಬಂದು ವರ್ಷಗಳಾಗಿದ್ದವು. ಮಣ್ಣಿನ ಹೊಲಗಾಲುವೆಗಳು ಒಡೆದು, ಹೂಳು ತುಂಬಿ, ಮೇಲಿನವರ ಗದ್ದೆ ಕೆರೆಯಾಗಿ, ಕೆಳಗಿನವರ ಹೊಲ ಮೊದಲಿನಂತೆಯೇ ಒಣಗಿತ್ತು. ಆಗ ಹೊರದೇಶದ ಒಂದು ಬ್ಯಾಂಕಿನ ನೆರವಿನಲ್ಲಿ ಹೊಲಗಾಲುವೆಗಳಿಗೆ ಸಿಮೆಂಟಿನ ಲೈನಿಂಗ್ ಮಾಡಿಸುವ ಯೋಜನೆ ಬಂತು. ಅದರ ಜೊತೆ ಒಂದು ದಪ್ಪ ಪುಸ್ತಕವೂ ಬಂತು. ಕಾಲುವೆಯ ನಕಾಶೆಯನ್ನು ಊರಿನ ಜನರೇ ನೆಲದ ಮೇಲೆ ಬರೆಯಬೇಕು. ಅಧಿಕಾರಿಗಳು ಅದನ್ನು ಮುಟ್ಟಬಾರದು, ತಿದ್ದಬಾರದು, ಬರೆದದ್ದನ್ನು ಇದ್ದಂತೆ ನಕಲು ಮಾಡಬೇಕು. ಎಲ್ಲರೂ ಒಪ್ಪಿ ಸಹಿ ಮಾಡಬೇಕು. ತಂಡದಲ್ಲಿ ಒಬ್ಬ ಮಹಿಳೆ ಇರಲೇಬೇಕು. ಈ ಮಾತುಗಳಲ್ಲಿ ಒಂದನ್ನಾದರೂ ತಪ್ಪು ಎನ್ನಿ ನೋಡೋಣ. ನಾನೂ ತಪ್ಪು ಎನ್ನಲಿಲ್ಲ. ಕಚೇರಿಯಲ್ಲಿ ಇದ್ದ ಹೆಂಗಸು ನಾನೊಬ್ಬಳೇ ಆದ್ದರಿಂದ ಜೀಪಿಗೆ ಹತ್ತಿಸಿಕೊಂಡು ಹೊರಟರು.

ಊರಿನ ಹೆಸರು ಬರೆಯುವುದಿಲ್ಲ. ಸುರಪುರಕ್ಕೂ ಶಹಾಪುರಕ್ಕೂ ನಡುವೆ ಅಂಥ ಊರು ಬೇಕಾದಷ್ಟಿವೆ. ನಕಾಶೆ ಬರೆಯಲು ಸಮತಟ್ಟು ಜಾಗ ಬೇಕಿತ್ತು. ರಂಗೋಲಿ ಪುಡಿ ಗಾಳಿಗೆ ಹಾರಬಾರದು, ಬಿಸಿಲು ಬೀಳಬಾರದು. ಹಣಮಂದೇವರ ಗುಡಿಯ ಮುಂದಿನ ಕಲ್ಲುಹಾಸಿನ ಕಟ್ಟೆ, ಮೇಲೆ ಬೇವಿನ ನೆರಳು. ಇಲ್ಲೇ ಬರೆಯೋಣ ಎಂದು ಬೆರಳು ತೋರಿಸಿದವಳು ನಾನೇ. ನಾನು ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ, ಗುಡಿಕಟ್ಟೆಗೆ ಯಾರು ಹತ್ತುತ್ತಾರೆ, ಯಾರು ಹತ್ತುವುದಿಲ್ಲ ಎಂಬುದು ನನಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಆದರೂ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ರಂಗೋಲಿ ಪುಡಿ ಮಾತ್ರ.

ಪುಸ್ತಕದ ಪ್ರಕಾರ ಬರೆಯುವ ಕೋಲನ್ನು ಜನರ ಕೈಗೆ ಕೊಡಬೇಕು. ಕೊಟ್ಟೆವು. ಜನ ಎಂದರೆ ಊರ ಗೌಡರ ತಮ್ಮ. ಮೇಲ್ಭಾಗದ ಗದ್ದೆಗಳೆಲ್ಲ ಆ ಮನೆಯವೇ. ಆತ ಧೋತರ ಎತ್ತಿ ಕಟ್ಟಿ ಉತ್ಸಾಹದಿಂದಲೇ ಬರೆದ. ತೂಬಿನ ಜಾಗಕ್ಕೆ ಒಂದು ಕಲ್ಲು ಇಟ್ಟ, ಕಾಲುವೆಗೆ ಬಿಳಿ ಪುಡಿ, ಭತ್ತಕ್ಕೆ ಬೇವಿನ ಸೊಪ್ಪು, ಹತ್ತಿಗೆ ಇಟ್ಟಂಗಿ ಪುಡಿ. ಸುತ್ತ ನಿಂತವರು ‘ಇಲ್ಲಿ ಬದು ತಪ್ಪ್ಯಾದ’, ‘ಅದು ನಮ್ಮ ಕಾಕಾನ ಹೊಲ’ ಎಂದು ತಿದ್ದಿಸಿದರು. ಗೆರೆ ಬರುತ್ತ ಬರುತ್ತ ಹಳ್ಳಕ್ಕೆ ಬಂದು ನಿಂತಿತು.

“ಹಳ್ಳದ ಆಚಿ ಏನದರಿ?” ಎಂದೆ.

“ಅಲ್ಲಿಗಿ ಕಟ್ಟೀನ ಮುಗೀತಲ್ರಿ ಅಕ್ಕೋರ,” ಎಂದು ಆತ ನಕ್ಕ. ಎಲ್ಲರೂ ನಕ್ಕರು. ನಾನೂ ಒಂದಿಷ್ಟು ನಕ್ಕೆ, ಸುಳ್ಳು ಯಾಕೆ ಹೇಳಲಿ.

ಹಳ್ಳದ ಆಚೆ ಹೊಲ ಇದ್ದವರು ಬಂದಿದ್ದರು. ಕಟ್ಟೆಯಿಂದ ಹತ್ತು ಮಾರು ದೂರ, ಬೋರಿನ ಹತ್ತಿರ, ಬಿಸಿಲಲ್ಲಿ ನಿಂತಿದ್ದರು. ಕೇರಿಯವರು. ಗಂಡಸರು ಐದಾರು ಮಂದಿ, ಹಿಂದೆ ಹೆಂಗಸರು. ಅಷ್ಟು ದೂರದಿಂದ ನೆಲದ ಮೇಲಿನ ಪುಡಿ ಯಾರಿಗೆ ಕಾಣಬೇಕು? ನನ್ನದೇ ವಯಸ್ಸಿನ ಒಬ್ಬ ಹೆಣ್ಣುಮಗಳು ಮಾತ್ರ ಹಿಮ್ಮಡಿ ಎತ್ತಿ ನೋಡುತ್ತ ಕೂಗಿದಳು: “ನಮ್ಮ ಹೊಲ ಎಲ್ಲದರೀ ಅದರಾಗ?”

ನಾನು ಎದ್ದು ಪುಡಿಯ ಡಬ್ಬಿಗೆ ಕೈ ಹಾಕಿದೆ. ನಮ್ಮ ಸಾಹೇಬರು, ಉಪವಿಭಾಗದ ಇಂಜಿನಿಯರು, ಕೈ ಅಡ್ಡ ಹಿಡಿದರು. “ಮುಟ್ಟಬ್ಯಾಡ್ರಿ ಅಕ್ಕೋರ. ಜನರ ನಕಾಶಿ. ನಾವು ಕೈ ಹಚ್ಚಿದ್ರ ಖರಾಬ್ ಆಗ್ತದ.” ನಾನು ಕುಳಿತೆ. ನೆಲದ ಮೇಲೆ ಇದ್ದಂತೆ ಹಾಳೆಗೆ ಇಳಿಸಿದೆ. ನನ್ನ ಕೈ ಸಾಫ್, ಗೆರೆ ನೂಲಿನಂತೆ ಬಂತು. ಕೆಳಗೆ ‘ನಕಲು ಮಾಡಿದವರು’ ಎಂಬಲ್ಲಿ ಸಹಿ ಹಾಕಿದೆ.

ಇನ್ನೂ ಒಂದು ಕೆಲಸ ಉಳಿದಿತ್ತು. ಎಲ್ಲರ ಸಹಿ ಬೇಕು. ಕೇರಿಯವರು ಕಟ್ಟೆಗೆ ಬರುವಂತಿಲ್ಲ, ಕಟ್ಟೆಯವರು ಬೋರಿಗೆ ಹೋಗುವುದಿಲ್ಲ. ರಿಜಿಸ್ಟರು ತೆಗೆದುಕೊಂಡು ಹೋಗಲು ಮಹಿಳಾ ಸದಸ್ಯೆಯೇ ಆಗಬೇಕು. ನಾನು ಹೋಗಿ, “ಬಂದೀರಿ ಅಂತ ಸಹಿ ಮಾಡ್ರಿ” ಎಂದೆ. ಅವರು ಮಾಡಿದರು. ಕೆಲವರು ಸಹಿ, ಕೆಲವರು ಹೆಬ್ಬೆಟ್ಟು. ಆ ಹೆಣ್ಣುಮಗಳೂ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಹಾಳೆಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ನಕಾಶೆಯನ್ನು ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು. ಅದನ್ನು ನಾನು ಓದಿ ಹೇಳಲಿಲ್ಲ. ಜೀಪಿನಲ್ಲಿ ಮರಳುವಾಗಲೇ ನನಗೆ ಅದು ಕಂಡದ್ದು, ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಎರಡು ತಿಂಗಳು ಕಳೆದವು. ಕಾಲುವೆ ಬಂದ್ ಇದ್ದ ಬೇಸಿಗೆಯಲ್ಲೇ ಕೆಲಸ ಮುಗಿಸಬೇಕೆಂದು ಗುತ್ತಿಗೆದಾರ ತೂಬಿನ ಬಾಯಿಯಿಂದ ಅಗೆಯಲು ಸುರುಮಾಡಿದ. ಒಂದು ಮಧ್ಯಾಹ್ನ ಆ ಹೆಣ್ಣುಮಗಳು ಶಹಾಪುರದ ಕಚೇರಿಗೆ ಬಂದಳು. ಚೀಲದಲ್ಲಿ ಪಹಣಿ ಇತ್ತು. ನನ್ನ ಮೇಜಿನ ಮುಂದೆ ನಿಂತಳು, ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಿಶಾನಿ ಕಲ್ಲು ಹಳ್ಳದ ತನಕ ನೆಟ್ಟಾರ. ಕೇಳಿದ್ರ, ನೀವೇ ಒಪ್ಪೀರಲ್ಲ, ಹೆಬ್ಬಟ್ಟು ಒತ್ತೀರಲ್ಲ ಅಂತಾರ. ಹೆಬ್ಬಟ್ಟು ತೊಗೊಂಡಾಕಿ ನೀವ. ಬಂದೀರಿ ಅಂತ ಮಾಡ್ರಿ ಅಂದ್ರಿ.”

“ಹೌದು, ಅಂದೆ,” ಎಂದೆ.

“ಬಂದಿದ್ದು ಖರೆ. ಒಪ್ಪಿದ್ದು ಯಾವಾಗರಿ?”

ಅವಳ ಪಹಣಿ ಇಸಿದುಕೊಂಡು ಓದಿದೆ. ಹಳ್ಳದ ಆಚೆ ಎಲ್ಲರಿಗಿಂತ ಕೊನೆಯ ಹೊಲ ಅವಳದು, ಮೂರು ಎಕರೆ, ಸರಕಾರ ಅವಳ ಮಾವನಿಗೆ ಕೊಟ್ಟ ಜಮೀನು. ಅವಳು ನಾಟಿ ಹಚ್ಚುವ ದಿನಗಳಲ್ಲಿ ಗೌಡರ ಗದ್ದೆಯಲ್ಲಿ ಮೊಣಕಾಲ ಮಟ ನೀರಿನಲ್ಲಿ ನಿಂತು ದುಡಿದು, ಸಂಜೆ ಹಳ್ಳ ದಾಟಿ ತನ್ನ ಹತ್ತಿಯ ಹೊಲಕ್ಕೆ ಹೋಗುತ್ತಿದ್ದಳು. ಅಲ್ಲಿ ಆಕಾಶವೇ ಗತಿ. ಹಳ್ಳದ ಆಚೆ ಹಾಗೆ ಹದಿನೆಂಟು ಮನೆಯವರ ಹೊಲ ಇತ್ತು. ನನ್ನ ಗೆರೆ ಸಿಮೆಂಟಾಗಿ ಗಟ್ಟಿಯಾದರೆ ಅವರಿಗೆ ನೀರು ಇನ್ನು ಬರುವುದೇ ಇಲ್ಲ.

ಅವಳು ಹೋದ ಮೇಲೆ ಹಳೆಯ ಕಪಾಟು ತೆಗೆದೆ. ಜಿರಲೆ ತಿಂದ ಸುರುಳಿಗಳಲ್ಲಿ ಆ ತೂಬಿನ ಮೊದಲ ನಕಾಶೆ ಸಿಕ್ಕಿತು. ಕಾಲುವೆ ಬಂದಾಗಿನದು, ನನಗಿಂತ ಮೊದಲಿನ ಯಾರೋ ಟ್ರೇಸರ್ ಬರೆದದ್ದು. ಹಳ್ಳದ ಆಚೆಯ ಸರ್ವೆ ನಂಬರುಗಳೆಲ್ಲ ಅಚ್ಚುಕಟ್ಟಿನ ಒಳಗೆ. ಹಳ್ಳ ದಾಟಲು ಅಡ್ಡಲಾಗಿ ಸಿಮೆಂಟು ಪೈಪು ಅಂತ ಚುಕ್ಕೆ ಗೆರೆಯಲ್ಲಿ ಸ್ಪಷ್ಟವಾಗಿ ತೋರಿಸಿದ್ದ ಪುಣ್ಯಾತ್ಮ. ಅದನ್ನು ಎತ್ತಿಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ.

ಸಾಹೇಬರು ಕೆಟ್ಟವರಲ್ಲ. ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ನಮ್ಮ ಮಾತು, ಯಾರ ಮೇಲೂ ದನಿ ಎತ್ತಿದವರಲ್ಲ. ಹಾಳೆ ಬಿಡಿಸಿ ಬಹಳ ಹೊತ್ತು ನೋಡಿದರು.

“ಇದು ಇಲಾಖೆಯ ನಕಾಶಿ. ಅದು ಜನರ ನಕಾಶಿ. ಬ್ಯಾಂಕಿನವರು ಜನರದ್ದ ಒಪ್ಪತಾರ, ನಮ್ಮದು ಒಪ್ಪಂಗಿಲ್ಲ.”

“ಯಾವ ಜನರದು ಸಾಹೇಬ್ರ? ಒಂದು ಮನಿಯವರದು!”

“ಅಕ್ಕೋರ, ನಿಮಗ ಒಂದು ಊರು ಕಾಣ್ತದ. ನನಗ ಹನ್ನೆರಡು ಊರು ಕಾಣ್ತಾವ. ನಾವು ಕೈಯಾಡಿಸೀವಿ ಅಂತ ಗೊತ್ತಾದ್ರ ಹನ್ನೆರಡೂ ಊರಿನ ಕೆಲಸ ವಾಪಸ್ ಹೋಗ್ತದ. ಅಲ್ಲೂ ಹಿಂಗ ಕಾಲುವಿ ಕೊನಿಗಿ ಇರೋ ಟೇಲೆಂಡಿನವರು ಅದಾರ. ಅವರಿಗೇನು ಜವಾಬು ಕೊಡ್ಲಿ?”

ನಾನು ಹಳೆಯ ನಕಾಶೆಯನ್ನು ಮತ್ತೆ ಅವರ ಮುಂದೆ ಸರಿಸಿದೆ. “ದೂರು ಕೊಡ್ಲಿ, ದೂರಿನ ಪೆಟ್ಟಿಗಿ ಇಟ್ಟೀವಲ್ಲ” ಎಂದರು ಕೊನೆಗೆ. ಇಟ್ಟಿದ್ದೆವು. ಪುಸ್ತಕದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಇಡಬೇಕು. ಅದನ್ನು ಗುಡಿಕಟ್ಟೆಯ ಕಂಬಕ್ಕೆ ಬಡಿದಿದ್ದೆವು. ಕೇರಿಯವರು ಕಟ್ಟೆ ಹತ್ತಿ ಅದರಲ್ಲಿ ಚೀಟಿ ಹಾಕಬೇಕಂತೆ! ಯಾರೋ ದೂರದ ದೇಶದಲ್ಲಿ ಕೂತು, ಒಳ್ಳೆಯ ಮನಸ್ಸಿನಿಂದಲೇ ‘ಸಾರ್ವಜನಿಕ’ ಎಂದು ಬರೆದಿದ್ದರು. ಅದನ್ನು ಗುಡಿಯ ಕಂಬಕ್ಕೆ ತಂದು ಬಡಿದವರು ನಾವು.

ಆ ವಾರ ಬಸ್ಸಿನಲ್ಲಿ ಬರುತ್ತ ಹೋಗುತ್ತ ಆ ದಪ್ಪ ಪುಸ್ತಕವನ್ನು ಹಟ ಹಿಡಿದು ಓದಿದೆ. ಕನ್ನಡ ಅನುವಾದ ಕಲ್ಲು ಜಗಿದಂತೆ ಇತ್ತು. ಆದರೂ ಬಿಡಲಿಲ್ಲ. ಹಿಂದಿನ ಪುಟಗಳಲ್ಲಿ ಒಂದು ಕಡೆ, ಮಹಿಳೆಯರು ಬಯಸಿದರೆ ತಮಗೆ ಅನುಕೂಲವಾದ ಜಾಗದಲ್ಲಿ ಬೇರೆಯೇ ನಕಾಶೆ ಬರೆಯಬಹುದು, ತಂಡದ ಮಹಿಳಾ ಸದಸ್ಯೆ ಅದನ್ನು ನಡೆಸಬೇಕು, ಮುಖ್ಯ ನಕಾಶೆಗೆ ಅದನ್ನು ಲಗತ್ತಿಸಬೇಕು ಎಂದಿತ್ತು. ಯಾರೂ ಮಾಡದ ಕೆಲಸ, ಯಾರೂ ಓದದ ಪುಟ. ಹೆಂಗಸು ಎಂಬ ಅರ್ಹತೆಯ ಮೇಲೆ ಕರೆದುಕೊಂಡು ಹೋಗಿದ್ದರಲ್ಲ, ಆ ಅರ್ಹತೆಯನ್ನು ಈಗ ನಾನೇ ಉಪಯೋಗಿಸುತ್ತೇನೆ ಎಂದುಕೊಂಡೆ. ಸಾಹೇಬರಿಗೆ ಒಂದು ಸಾಲಿನ ಚೀಟಿ ಬರೆದು, ಅವರ ಉತ್ತರಕ್ಕೆ ಕಾಯದೆ ಹೊರಟೆ.

ಒಣಗಿದ ಹಳ್ಳದ ಮರಳಿನಲ್ಲಿ ಕೇರಿಯ ಹೆಂಗಸರು ಬರೆದರು. ಆ ದಿನ ಕೂಲಿ ಬಿಟ್ಟು ಬಂದಿದ್ದರು. ಅವರ ನಕಾಶೆ ತೂಬಿನಿಂದ ಸುರುವಾಗಲಿಲ್ಲ, ತಮ್ಮ ಕೇರಿಯ ಬುದ್ಧ ವಿಹಾರದಿಂದ ಸುರುವಾಯಿತು. ಅದಕ್ಕೆ ಒಂದು ಬಣ್ಣದ ಬಟ್ಟೆಯ ಚೂರು ಸಿಗಿಸಿದರು. ಆಮೇಲೆ ಹಳ್ಳ, ಬಟ್ಟೆ ಒಗೆಯುವ ಬಂಡೆ, ಹೊಲ, ಹೊಲದ ಬದುವಿನ ಜಾಲಿ, ಎಲ್ಲ. ಪ್ರಮಾಣ ಗಿಮಾಣ ಏನೂ ಇಲ್ಲ. ಗೌಡರ ಇಡೀ ಗದ್ದೆ ಒಂದು ಮುಷ್ಟಿ ಮಣ್ಣಿನಷ್ಟು ಆಗಿ ಮೂಲೆಯಲ್ಲಿ ಕೂತಿತ್ತು. ನನಗೆ ನಗು ಬಂತು, ತಡೆದುಕೊಂಡು ಇದ್ದಂತೆಯೇ ಹಾಳೆಗೆ ಇಳಿಸುತ್ತ ಹೋದೆ.

“ಇಲ್ಲಿ ಪೈಪ್ ಇತ್ತು,” ಎಂದು ಒಬ್ಬ ಮುದುಕಿ ಮರಳಿನಲ್ಲಿ ಅಡ್ಡ ಕೋಲು ಇಟ್ಟಳು.

“ಪೈಪ್ ಹಾಕಿದ್ರಾ?”

“ಹಾಕಿದ್ರು ಯವ್ವಾ. ಮೂರು ಪೈಪ್. ಎರಡು ವರ್ಷ ನೀರ್ ಸೈತ ಬಂತು. ಆಮ್ಯಾಗ ಕಿತ್ತಗೊಂಡು ಹೋದ್ರು.”

“ಯಾರು? ಈಗ ಎಲ್ಲವ?”

ಕೊನೆಯ ಹೊಲದಾಕೆಯೇ ಹೇಳಿದಳು: “ನಿಮ್ಮ ಜೀಪು ದಿನಾ ಅದರ ಮ್ಯಾಲ ಹೋಗಿ ಬರ್ತದಲ್ರಿ. ಗೌಡ್ರ ದನದ ದೊಡ್ಡಿ ಮುಂದ ಗಟಾರಿಗಿ ಹಾಕ್ಯಾರ.”

ಹೋಗಿ ನೋಡಿದೆ. ಮೂರು ಪೈಪು, ಮೇಲೆ ಮಣ್ಣು. ಒಳಗೆ ಬಗ್ಗಿ ನೋಡಿದರೆ ಇಲಾಖೆಯ ಗುರುತು ಇನ್ನೂ ಅಳಿಸಿರಲಿಲ್ಲ. ಸರಕಾರದ ಪೈಪು ಕಿತ್ತು ತನ್ನ ಮನೆಯ ದಾರಿಗೆ ಹಾಕಿಕೊಂಡವನ ಕೈಗೆ ನಾವು ಕೋಲು ಕೊಟ್ಟು, ನೀನೇ ಜನ, ಬರಿ ಎಂದಿದ್ದೆವು.

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಬ್ಯಾಂಕಿನ ತಂಡ ಬಂತು. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಇಲಾಖೆಯ ಐ.ಬಿ. ಬಂಗಲೆಯಲ್ಲಿ ಉಂಡು, ಬೋನಾಳ ಕೆರೆಯ ಹಕ್ಕಿ ನೋಡಿ, ಆಮೇಲೆ ನಮ್ಮಲ್ಲಿಗೆ. ಹಕ್ಕಿಗಳೇ ಇಲ್ಲದ ಕಾಲದಲ್ಲಿ ಕೆರೆಗೆ ಎರಡು ತಾಸು, ನಮಗೆ ಮುಕ್ಕಾಲು ತಾಸು. ಒಬ್ಬರು ಬಿಳಿಯ ಹೆಣ್ಣುಮಗಳು, ಒಬ್ಬರು ದೆಹಲಿಯ ಸಾಹೇಬರು. ಕಚೇರಿಯ ಗೋಡೆಗೆ ಜನರ ನಕಾಶೆ ತೂಗುಹಾಕಿದ್ದರು. ನಾನು ಅದರ ಪಕ್ಕಕ್ಕೆ ಹೆಂಗಸರ ನಕಾಶೆ, ಕೆಳಗೆ ಹಳೆಯ ನಕಾಶೆಯ ಪ್ರತಿ ಎರಡನ್ನೂ ಅಂಟಿಸಿದೆ. ನಮ್ಮ ಸಾಹೇಬರು ನನ್ನನ್ನು ನೋಡಿದರು. ತೆಗೆಯಿರಿ ಎನ್ನಲಿಲ್ಲ.

ಬಿಳಿಯ ಹೆಣ್ಣುಮಗಳಿಗೆ ಹೆಂಗಸರ ನಕಾಶೆ ಬಹಳ ಹಿಡಿಸಿತು. ಫೋಟೋ ತೆಗೆದರು, ನನ್ನ ಕೈ ಹಿಡಿದು ಕುಲುಕಿದರು. ಮೂರು ಪೈಪಿನ ವಿಷಯ ಹೇಳಿದೆ, ದುಭಾಷಿ ಅದನ್ನು ಎಷ್ಟು ಹೇಳಿದನೋ ಗೊತ್ತಿಲ್ಲ. ದೆಹಲಿಯವರು ಕನ್ನಡಕ ಏರಿಸಿ ಒಂದೇ ಪ್ರಶ್ನೆ ಕೇಳಿದರು: ಎರಡರಲ್ಲಿ ಊರಿನ ಒಮ್ಮತ ಯಾವುದು? ಎರಡು ನಕಾಶೆ ಇದ್ದರೆ ತಂಟೆ ಇದೆ ಎಂದರ್ಥ. ತಂಟೆ ಇದ್ದಲ್ಲಿ ನಾವು ಕೆಲಸ ಮಾಡುವುದಿಲ್ಲ. ಒಮ್ಮತ ಆಗುವವರೆಗೆ ಈ ಊರಿನ ಕೆಲಸ ನಿಲ್ಲಲಿ.

ಅಂದರೆ ಕೇರಿಯವರನ್ನು ಬಿಟ್ಟು ಬರೆದಾಗ ಒಮ್ಮತ ಇತ್ತು, ಕೇರಿಯವರು ಬಾಯಿ ತೆರೆದ ಕೂಡಲೇ ತಂಟೆ ಆಯಿತು! ಇದನ್ನು ನಾನು ಅಲ್ಲೇ ಗಟ್ಟಿಯಾಗಿ ಹೇಳಿದೆ. ದುಭಾಷಿ ಅದನ್ನಂತೂ ಹೇಳಲೇ ಇಲ್ಲ. ಮರುವಾರ ನನಗೆ ನೋಟಿಸು ಬಂತು, ಕಚೇರಿಯ ದಾಖಲೆಯನ್ನು ಅನುಮತಿ ಇಲ್ಲದೆ ಹೊರಗಿನವರಿಗೆ ತೋರಿಸಿದ್ದಕ್ಕೆ ಕಾರಣ ಕೊಡಿ ಎಂದು. ಕಾರಣ ಕೊಟ್ಟೆ, ನಾಲ್ಕು ಪುಟ.

ಕೆಲಸ ನಿಂತದ್ದರಿಂದ ಕೇರಿಯವರಿಗೆ ಹೊಸದಾಗಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಪೆಟ್ಟು ಬಿದ್ದದ್ದು ಮೇಲಿನವರಿಗೆ. ಗುತ್ತಿಗೆದಾರ ತೂಬಿನ ಬಾಯಿ ಅಗೆದು ಅರ್ಧಕ್ಕೆ ಬಿಟ್ಟು ಹೋಗಿದ್ದ. ಕಾಲುವೆ ಚಾಲು ಆದಾಗ ನೀರು ಎಲ್ಲೆಂದರಲ್ಲಿ ಒಡೆದು ಗದ್ದೆಯ ಸಸಿಮಡಿ ಕೊಚ್ಚಿತು. ಆಗ ಗೌಡರ ಕಡೆಯವರು ಕೇರಿಯ ದಾರಿ ಹಿಡಿದರು. ಮೊದಲು ಹೆದರಿಸಿದರು, ಕೂಲಿಗೆ ಕರೆಯುವುದಿಲ್ಲ ಎಂದರು. ಕರೆಯಲೂ ಇಲ್ಲ, ಒಂದು ತಿಂಗಳು. ಕೇರಿಯ ಹೆಂಗಸರು ಟೆಂಪೋ ಹತ್ತಿ ಬೇರೆ ಊರಿನ ಗದ್ದೆಗೆ ಹೋದರು. ಆಮೇಲೆ ಪೈಪು ಹಾಕಿಸೋಣ, ಒಪ್ಪಿಗೆ ಕೊಡಿ ಎಂದರು. ಕಟ್ಟೆಯ ಮೇಲೆ ಸಭೆ ಮಾಡೋಣ ಎಂದರು.

“ಕಟ್ಟಿ ಬ್ಯಾಡ್ರಿ. ನೀರು ಬರಬೇಕಾದದ್ದು ಇಲ್ಲಿಗಿ. ಇಲ್ಲೇ ಬರ್ರಿ,” ಎಂದು ಕೊನೆಯ ಹೊಲದಾಕೆ ಹೇಳಿ ಕಳಿಸಿದಳಂತೆ. ಸಾಹೇಬರು ನನ್ನನ್ನು ಕರೆದು, “ಏನ್ ಮಾಡೋಣ್ರಿ ಅಕ್ಕೋರ?” ಎಂದರು. ನೋಟಿಸು ಕೊಟ್ಟ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಮಾತು ಅದು. ಅಲ್ಲೇ ಮಾಡೋಣ ಎಂದೆ. ಅವರೇ ತಾರೀಖು ಬರೆದು ಸಹಿ ಹಾಕಿದರು.

ಆ ದಿನ ಗೌಡರ ತಮ್ಮ ಬರಲಿಲ್ಲ. ಕೊಡೇಕಲ್ಲಿಗೆ ಹೋಗಿದ್ದಾನೆ ಎಂದರು. ಮರುದಿನವೂ ಕೊಡೇಕಲ್, ಅದರ ಮರುದಿನವೂ ಕೊಡೇಕಲ್. ಮೂರನೆಯ ದಿನ ಆಳಿನ ಕೈಯಲ್ಲಿ ಸಹಿ ಮಾಡಿದ ಕಾಗದ ಬಂತು. ನಾನು ಪುಸ್ತಕ ತೆರೆದು ಸಾಹೇಬರಿಗೆ ಓದಿ ಹೇಳಿದೆ: ಖುದ್ದು ಹಾಜರಿದ್ದು ಸಹಿ ಮಾಡಬೇಕು. ಕೇರಿಯವರ ಬಳಿಗೆ ರಿಜಿಸ್ಟರು ಹೊತ್ತುಕೊಂಡು ಹೋಗಿ ಸಹಿ ಪಡೆದಾಗ ಈ ಸಾಲು ನನಗೆ ನೆನಪಿರಲಿಲ್ಲ. ಈಗ ಬಾಯಿಪಾಠ ಆಗಿತ್ತು.

ನಾಲ್ಕನೆಯ ದಿನ ಆತ ಬಂದ. ಹಳ್ಳದಲ್ಲಿ ಮೀನಗಂಡದ ಮಟ ನೀರು ಇತ್ತು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ ಬಂದ. ಹಾಸಿದ ಜಮಖಾನೆಯ ಮೇಲೆ ಕೂರಲಿಲ್ಲ, ಕೊಟ್ಟ ಚಹಾ ಕುಡಿಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ನಿಂತೇ ಸಹಿ ಮಾಡಿದ. ಬದಲಾದ ಮನಸ್ಸು ಗಿನಸ್ಸು ಏನೂ ನನಗೆ ಕಾಣಲಿಲ್ಲ. ಮಡಿ ಕೊಚ್ಚಿದ್ದಕ್ಕೆ ಬಂದಿದ್ದ. ಈ ಸಲ ಕೇರಿಯವರಿಗೆ ಮೇಲಿನ ದಪ್ಪ ಅಕ್ಷರವನ್ನು ನಾನು ಎರಡೆರಡು ಸಲ ಓದಿ ಹೇಳಿ ಸಹಿ ತೆಗೆದುಕೊಂಡೆ.

ಆಮೇಲೂ ಹಳ್ಳದ ನೀರು ಇಳಿಯಬೇಕು, ಗುತ್ತಿಗೆದಾರ ಮರಳಿ ಬರಬೇಕು. ಪೈಪು ಕೂರಿಸುವ ಹೊತ್ತಿಗೆ ದೀಪಾವಳಿ ಮುಗಿದಿತ್ತು. ಅಷ್ಟರೊಳಗೆ ಬ್ಯಾಂಕಿನ ವರ್ಷದ ವರದಿ ಬಂತು. ಪಾಲ್ಗೊಳ್ಳುವಿಕೆಯಿಂದ ತಂಟೆ ಬಗೆಹರಿದ ಮಾದರಿ ಗ್ರಾಮ ಎಂದು ನಮ್ಮ ಊರಿಗೆ ಒಂದು ಪುಟ. ಅದರಲ್ಲಿ ಆ ಮೊದಲ ದಿನದ ಫೋಟೋ: ಗೌಡರ ತಮ್ಮ ಧೋತರ ಎತ್ತಿ ಕಟ್ಟಿ, ಕೋಲು ಹಿಡಿದು, ಕಟ್ಟೆಯ ಮೇಲೆ. ಆ ಹಾಳೆಯನ್ನು ನಾನು ಚೂರು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಬೇಕಾದರೆ ಅದಕ್ಕೂ ನೋಟಿಸು ಕೊಡಲಿ.

ಹಳ್ಳದ ಆಚೆಗೆ ಮೊದಲ ಪಾಳಿಯ ನೀರು ಬಿಟ್ಟ ದಿನ ನಾನೂ ಸಾಹೇಬರೂ ಹೋದೆವು. ಸರದಿಯ ಪಟ್ಟಿ ಪುಸ್ತಕದ ಪ್ರಕಾರ ಕೊನೆಯ ಹೊಲದಿಂದ ಸುರು. ಎಕರೆಗೆ ಇಷ್ಟು ತಾಸು ಎಂದು ನಾನೇ ಬರೆದುಕೊಟ್ಟಿದ್ದೆ. ಪೈಪಿನಿಂದ ಕೆಂಪು ನೀರು ಕಸಕಡ್ಡಿ ನೂಕಿಕೊಂಡು ಬಂತು. ಕೊನೆಯ ಹೊಲದಾಕೆ ಸಲಿಕೆಯಿಂದ ಒಡ್ಡು ಬಿಡಿಸಿ ನಿಂತಳು. ಅವಳ ಹೊಲದಲ್ಲಿ ಹತ್ತಿ ಇರಲಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು, ಗಿಡ ನಿಂತಲ್ಲೇ ಒಣಗಿ ಕಟ್ಟಿಗೆಯಾಗಿತ್ತು. ಒಂದು ಒಮ್ಮತಕ್ಕೆ, ಮೂರು ದಿನದ ಕೊಡೇಕಲ್ಲಿಗೆ, ಒಂದು ನೋಟಿಸಿಗೆ ಅವಳ ಬೆಳೆ ಕಾಯುವುದು ಹೇಗೆ? ಯಾವ ವರದಿಯಲ್ಲೂ ಅದಕ್ಕೆ ಕಾಲಂ ಇಲ್ಲ.

ಸಾಹೇಬರು ಹೊಲ ನೋಡಿ ಪೇಚಾಡಿದರು. “ಬೆಳಿ ಇಲ್ಲದ ಹೊಲಕ್ಕ ನೀರು ಬಿಡಬಾರದು ಅಂತ ರೂಲ್ ಅದ ಯವ್ವಾ. ನೀರು ಹಾಳು. ಮುಂದಿನವರಿಗೆ ಕೊಡೋಣ?”

ಅವಳು ಸಲಿಕೆ ನೆಲಕ್ಕೆ ಊರಿ, ತಿರುಗಿ ಕೂಡ ನೋಡದೆ ಹೇಳಿದಳು: “ನನ್ನ ಪಾಳಿ ಅದರೀ. ಹರೀಲಿ.”

ನೀರು ಒಣ ಕಡ್ಡಿಗಳ ನಡುವೆ ಬಿರುಕು ಹುಡುಕಿ ಇಳಿಯುತ್ತಿತ್ತು. ಸಾಹೇಬರು ಮುಚ್ಚು ಎಂದು ತೂಬಿನವನಿಗೆ ಕೈಸನ್ನೆ ಮಾಡಲು ಹೊರಟರು. ನಾನು ಗಡಿಯಾರ ನೋಡಿದೆ. ಅವಳ ಪಾಳಿ ಇನ್ನೂ ಎರಡು ತಾಸು ಹತ್ತು ನಿಮಿಷ ಇತ್ತು. “ಮುಚ್ಚಬ್ಯಾಡ್ರಿ,” ಎಂದೆ.